ಕಾಣದ ಬೆಕ್ಕುಗಳ ಯಜಮಾನ

ಮನೆಯಲ್ಲಿ ಬೆಕ್ಕು ಸಾಕಿದ್ದೇವೆ ಎಂದು ಹೇಳಿಕೊಳ್ಳುವವರು, ಯಾರಾದರೂ ಕೇಳಿದರೆ ಆ ಬೆಕ್ಕನ್ನು ತೋರಿಸುವ ಸ್ಥಿತಿಯಲ್ಲಾದರೂ ಇರಬೇಕು. ದೇವರನ್ನು ತೋರಿಸದೆಯೇ ನಂಬಿಸಬಹುದು. ಬೆಕ್ಕಿನ ವಿಷಯದಲ್ಲಿ ಜನ ಅಷ್ಟು ಉದಾರಿಗಳಲ್ಲ. ನಾವು ಮಸ್ಕತ್ತಿನ ಅಲ್ ಖುವೇರ್‌ನಲ್ಲಿದ್ದಾಗ ನಮ್ಮ ಮನೆಯಲ್ಲಿ ಒಂದಲ್ಲ, ಎರಡು ಬೆಕ್ಕುಗಳಿದ್ದವು. ಇಟ್ಟ ಊಟ ಖಾಲಿಯಾಗುತ್ತಿತ್ತು, ಮರಳಿನ ಟ್ರೇ ದಿನವೂ ನನ್ನಿಂದ ಸೇವೆ ಮಾಡಿಸಿಕೊಳ್ಳುತ್ತಿತ್ತು, ಆಫೀಸಿಗೆ ಹಾಕಿಕೊಂಡು ಹೋಗುವ ಕಪ್ಪು ಪ್ಯಾಂಟಿಗೆ ಬಿಳಿ ಕೂದಲು ಮೆತ್ತಿರುತ್ತಿತ್ತು. ಇಷ್ಟೇ ಪುರಾವೆ. ಮೇಲಿನ ಮಹಡಿಯ ಜಯಂತಣ್ಣ, ಉಡುಪಿ ಕಡೆಯವರು, ಒಂದು ಸಂಜೆ ಚಹಾ ಕುಡಿಯುತ್ತ ನಮ್ಮ ದಿವಾನದ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಎದ್ದು ಮೊಣಕಾಲು ಒರೆಸಿಕೊಂಡು, "ನಿಮ್ಮಲ್ಲಿ ಬೆಕ್ಕು ಉಂಟು ಅಂತ ನಿಮಗೆ ಗ್ಯಾರಂಟಿ ಉಂಟಾ ಮಾರಾಯ್ರೆ?" ಎಂದು ಕೇಳಿದರು. ಉಂಟು ಎಂದೆ. ನನ್ನ ದನಿಯಲ್ಲಿ ನನಗೇ ಗ್ಯಾರಂಟಿ ಕಾಣಲಿಲ್ಲ.

ಬೆಕ್ಕು ಬೇಕೆಂದವಳು ಮಗಳು ಶ್ರಾವ್ಯಾ. ನಾಲ್ಕನೇ ಕ್ಲಾಸಿನಲ್ಲಿದ್ದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ನನಗೆ ಬೆಕ್ಕಿನ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ರುಸೈಲ್‌ನ ಒಂದು ಪ್ಲಾಸ್ಟಿಕ್ ಪೈಪಿನ ಫ್ಯಾಕ್ಟರಿಯಲ್ಲಿ ಪೈಪುಗಳ ಗುಣಮಟ್ಟ ನೋಡುವ ಕೆಲಸ ನನ್ನದು. ಪೈಪು ಎಲ್ಲಿಟ್ಟರೆ ಅಲ್ಲೇ ಇರುತ್ತದೆ. ಜೀವವಿರುವ ವಸ್ತುಗಳ ಜೊತೆ ನನಗೆ ಅಂಥ ಅಭ್ಯಾಸವಿಲ್ಲ. ಆದರೆ ಮನೆಯಲ್ಲಿ ಮತಕ್ಕೆ ಹಾಕಿದರೆ ನಾನು ಸೋಲುವುದು ಮದುವೆಯಾದಾಗಿನಿಂದ ನಡೆದು ಬಂದ ಪದ್ಧತಿ. ಹೆಂಡತಿ ವಸುಧಾ, "ಒಂದು ಪುಟ್ಟ ಮರಿ ರೀ, ನಿಮಗೇನು ತೊಂದರೆ?" ಎಂದಳು. ಆ ವಾರದ ರಜೆಯಲ್ಲಿ ಖುರುಮ್ ಗುಡ್ಡದ ಹಿಂದಿನ ಒಂದು ಹಳೆಯ ವಿಲ್ಲಾಕ್ಕೆ ಹೋದೆವು. ಅಲ್ಲಿ ಲಿಂಡಾ ಎಂಬ ಇಂಗ್ಲಿಷ್ ಹೆಂಗಸು ಬೀದಿಪಾಲಾದ ಬೆಕ್ಕುಗಳನ್ನು ಇಟ್ಟುಕೊಂಡಿದ್ದರು.

ನಾವು ಬೆಕ್ಕು ನೋಡಲು ಹೋಗಿದ್ದೆವು; ಆಕೆ ನಮ್ಮನ್ನು ನೋಡಿದರು. ನನ್ನ ಮದುವೆಯ ಮಾತುಕತೆಯಲ್ಲಿ ಮಾವನವರೂ ನನ್ನನ್ನು ಅಷ್ಟು ವಿಚಾರಿಸಿರಲಿಲ್ಲ. ಮನೆ ಎಷ್ಟು ದೊಡ್ಡದು, ಬಾಲ್ಕನಿಗೆ ಜಾಲರಿ ಇದೆಯೇ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ. ಕೊನೆಗೆ, ಮನೆಯಲ್ಲಿ ಯಾರಾದರೂ ಜೋರಾಗಿ ಕೂಗಾಡುತ್ತೀರಾ ಎಂದು ಕೇಳಿದರು. ಶ್ರಾವ್ಯಾ ಪ್ರಾಮಾಣಿಕವಾಗಿ, "ಓನ್ಲಿ ಅಮ್ಮ" ಎಂದಳು. ವಸುಧಾ ಹೊಸದಾಗಿ ಕಲಿತವಳಂತೆ ಮೃದುವಾಗಿ ನಕ್ಕಳು. ಆಮೇಲೆ ಲಿಂಡಾ ನಮ್ಮನ್ನು ಒಳಕೋಣೆಗೆ ಕರೆದೊಯ್ದು ಒಂದು ಕಪಾಟಿನ ಹಿಂದೆ ಬೆರಳು ತೋರಿಸಿದರು. ಕತ್ತಲಲ್ಲಿ ನಾಲ್ಕು ಕಣ್ಣು. ಹಿಂದಿನ ವರ್ಷ ಚಂಡಮಾರುತ ಬಂದು ವಾದಿ ತುಂಬಿ ಹರಿಯಿತಲ್ಲ, ವಾದಿ ಎಂದರೆ ಇಲ್ಲಿ ಮಳೆ ಬಂದಾಗ ಮಾತ್ರ ಹೊಳೆಯಾಗುವ ಒಣ ಹಳ್ಳ, ಆಗ ನೀರು ನುಗ್ಗಿದ್ದ ಒಂದು ಗೋದಾಮಿನ ಅಟ್ಟದ ಮೇಲೆ ಇವೆರಡು ಒಂದನ್ನೊಂದು ಅಪ್ಪಿಕೊಂಡು ಕೂತಿದ್ದವಂತೆ. ಅಂದಿನಿಂದ ಬಿಟ್ಟಿರುವುದಿಲ್ಲ. ಒಂದನ್ನು ಬೇರೆ ಕೋಣೆಯಲ್ಲಿಟ್ಟರೆ ಇನ್ನೊಂದು ಅನ್ನ ನೀರು ಮುಟ್ಟುವುದಿಲ್ಲ. ಮನುಷ್ಯರನ್ನು ಕಂಡರೆ ಎರಡಕ್ಕೂ ಭಯ. ನೋಡಲು ಬಂದವರೆಲ್ಲ ಆಟವಾಡುವ ಮರಿಗಳನ್ನು ಒಯ್ದರೇ ಹೊರತು ಇವನ್ನು ಯಾರೂ ಕೇಳಲಿಲ್ಲ ಎಂದು ಆಕೆ ಹೇಳುವಾಗ ನನ್ನ ಹೆಂಡತಿಯ ಕಣ್ಣು ತುಂಬಿತು. ಅದು ತುಂಬಿದ ಮೇಲೆ ನನ್ನ ಅಭಿಪ್ರಾಯಕ್ಕೆ ಕೆಲಸವಿಲ್ಲ. ಒಂದು ಪುಟ್ಟ ಮರಿ ತರಲು ಹೋದವರು ಬೆಳೆದ ಎರಡು ಬೆಕ್ಕುಗಳೊಂದಿಗೆ ವಾಪಸಾದೆವು.

ಒಂದು ಬಿಳಿ, ಹೆಣ್ಣು. ಇನ್ನೊಂದು ಕಂದು ಬೂದಿಬಣ್ಣದ ಗಂಡು. ಇದು ಲಿಂಡಾ ಹೇಳಿದ ಮಾಹಿತಿ, ನಾನು ಪರೀಕ್ಷಿಸಿದ್ದಲ್ಲ. ಬಿಳಿಯದು ಕಾಯಿಚಟ್ನಿಯ ಹಾಗಿದೆ ಎಂದು ವಸುಧಾ ಅದಕ್ಕೆ ಚಟ್ನಿ ಎಂದು ಹೆಸರಿಟ್ಟಳು. ಹಾಗಾಗಿ ಎರಡನೆಯದಕ್ಕೆ ಪುಡಿ ಎಂದಲ್ಲದೆ ಬೇರೆ ಹೆಸರು ಇಡುವಂತಿರಲಿಲ್ಲ. ಬುಟ್ಟಿಯ ಬಾಗಿಲು ತೆರೆದ ಕೂಡಲೇ ಚಟ್ನಿ ಪುಡಿ ಎರಡೂ ನೆಲಕ್ಕಂಟಿಕೊಂಡು ಓಡಿ ದಿವಾನದ ಕೆಳಗಿನ ಮೂಲೆ ಸೇರಿದವು. ನಾನು ಕಂಡದ್ದು ಒಂದು ಬೂದು ಬಾಲದ ತುದಿ. "ದೇ ಆರ್ ಜಸ್ಟ್ ಶೈ, ಅಪ್ಪಾ" ಎಂದಳು ಮಗಳು. ವಾರಗಳು ಕಳೆದವು. ಶಾಲೆಗೆ ರಜೆ ಬಂತು. ಗಲ್ಫಿನ ಪದ್ಧತಿಯಂತೆ ಬೇಸಿಗೆಗೆ ಹೆಂಡತಿ ಮಕ್ಕಳು ಊರಿಗೆ, ಗಂಡ ಫ್ಯಾಕ್ಟರಿಗೆ. ತಾಯಿ ಮಗಳು ಮೈಸೂರಿಗೆ ಹೊರಟು ನಿಂತಾಗ ವಸುಧಾ ನನಗೆ ಹೇಳಿದ ಮಾತುಗಳಲ್ಲಿ ನನ್ನ ಊಟದ ಬಗ್ಗೆ ಒಂದು, ಬೆಕ್ಕಿನ ಊಟದ ಬಗ್ಗೆ ಉಳಿದದ್ದೆಲ್ಲ. ಏರ್‌ಪೋರ್ಟಿನಲ್ಲಿ ಶ್ರಾವ್ಯಾ ನನ್ನ ಕುತ್ತಿಗೆಗೆ ಜೋತುಬಿದ್ದು, "ಪ್ರಾಮಿಸ್?" ಎಂದಳು. ಏನೆಂದು ಕೇಳದೆ ಪ್ರಾಮಿಸ್ ಎಂದೆ. ಅಳುವ ಮಕ್ಕಳ ಹತ್ತಿರ ಕರಾರಿನ ವಿವರ ಕೇಳಬಾರದು.

ಹೀಗೆ ನಾನು, ನನಗೆ ಕಾಣದ ಎರಡು ಬೆಕ್ಕು, ಒಂದು ಏಸಿ, ಮನೆಯಲ್ಲಿ ಉಳಿದೆವು. ಜುಲೈ ನಡುವಿನಲ್ಲಿ ಏಸಿಯೂ ಕೈಕೊಟ್ಟಿತು. ಮಸ್ಕತ್ತಿನ ಜುಲೈಯಲ್ಲಿ ಏಸಿ ಇಲ್ಲದ ಮನೆ ಇಡ್ಲಿ ಪಾತ್ರೆ; ಒಳಗಿದ್ದವನು ಬೇಯಬೇಕು, ಅಷ್ಟೇ. ಗುರುವಾರ ಮಧ್ಯಾಹ್ನ ರಿಪೇರಿಯವನು ಬಂದ. ಅವನ ಗ್ಯಾಸ್ ಸಿಲಿಂಡರು ಒಳಗೆ ಬರಲಿ ಎಂದು ಮುಂಬಾಗಿಲನ್ನು ಅಗಲ ತೆರೆದು ಹಿಡಿದುಕೊಂಡು ನಿಂತವನು ನಾನೇ. ಅವನು ಸಿಲಿಂಡರನ್ನು ಠಣ್ಣೆಂದು ನೆಲಕ್ಕೆ ಕುಕ್ಕಿದ. ದಿವಾನದ ಕೆಳಗಿನಿಂದ ಬೂದಿಬಣ್ಣದ ಏನೋ ಒಂದು ನನ್ನ ಎರಡು ಕಾಲುಗಳ ನಡುವೆ ನುಗ್ಗಿ ಹೊರಗೆ ಹೋಯಿತು. ಪುಡಿಯನ್ನು ನಾನು ಪೂರ್ತಿಯಾಗಿ ಕಂಡದ್ದು ಅಂದೇ ಮೊದಲು, ಅದೂ ಹಿಂದಿನಿಂದ. "ಬಿಲ್ಲಿ ಥೀ ಕ್ಯಾ, ಸಾಬ್?" ಎಂದ ರಿಪೇರಿಯವನು. ನಮ್ಮಲ್ಲಿ ಬೆಕ್ಕು ಉಂಟೆಂದು ಕಣ್ಣಾರೆ ಕಂಡ ಮೊದಲ ಹೊರಗಿನವನು ಅವನು. ಆದರೆ ಆ ಹೊತ್ತಿಗೆ ಮನೆಯಲ್ಲಿ ಎರಡರ ಬದಲು ಒಂದೇ ಉಳಿದಿತ್ತು.

ನಾನು ಮೆಟ್ಟಿಲಿಳಿದು ಬೀದಿ ನೋಡಿದೆ, ಕಾರುಗಳ ಅಡಿ ನೋಡಿದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಬೆಂಕಿಯಂಥ ಆ ಟಾರಿನ ಮೇಲೆ ಪುಟ್ಟ ಪಾದಗಳು ಎಷ್ಟು ಹೊತ್ತು ಓಡಾಡಿಯಾವು ಎಂಬ ಯೋಚನೆ ಬಂತು. ವಾಪಸು ಬಂದರೆ, ಏಸಿ ಸರಿಯಾಗಿತ್ತು, ರಿಪೇರಿಯವನು ಹೊರಟುಹೋಗಿದ್ದ, ಮತ್ತು ಹಾಲಿನ ನಟ್ಟನಡುವೆ ಚಟ್ನಿ ಕೂತಿತ್ತು. ಯಾರಿಗೂ ಕಾಣಿಸದ ಚಟ್ನಿ ಹಾಡಹಗಲಲ್ಲಿ, ನನ್ನ ಮುಂದೆ, ಬಾಗಿಲ ಕಡೆ ಮುಖಮಾಡಿ ಕೂಗುತ್ತಿತ್ತು. ಮ್ಯಾಂವ್ ಅಲ್ಲ ಅದು. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಕರೆಯುವವರ ದನಿ. ಅಡುಗೆಮನೆಗೆ ಹೋಗಿ ಕೂಗಿತು, ಬಚ್ಚಲಿಗೆ ಹೋಗಿ ಕೂಗಿತು, ಮತ್ತೆ ಬಂದು ನನ್ನ ಮುಖ ನೋಡಿ ಕೂಗಿತು. ನಾನು ಮೀನಿನ ಡಬ್ಬಿ ತೆರೆದಿಟ್ಟೆ. ಮೂಸಿಯೂ ನೋಡಲಿಲ್ಲ. ಆಗಲೇ ಮೈಸೂರಿನಿಂದ ಮಗಳ ಫೋನು; ಊರಿನ ನೀರು ಕುಡಿದು ಕನ್ನಡಕ್ಕೆ ಬಂದಿದ್ದಳು. "ಅಪ್ಪಾ, ಇಬ್ಬರೂ ಹೇಗಿದ್ದಾರೆ?" ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಮನೆಯಲ್ಲಿ ಇರೋ ಬೆಕ್ಕೆಲ್ಲ ಕ್ಷೇಮ, ಕಂದಾ" ಎಂದೆ. "ಚಟ್ನಿ ಯಾಕೆ ಕೂಗ್ತಿದ್ದಾಳೆ?" ಎಂದಳು. "ಮಾತಾಡಲು ಕಲಿತಿದೆ" ಎಂದು ಫೋನಿಟ್ಟೆ.

ನಮ್ಮ ಕಟ್ಟಡದಲ್ಲಿ ಐದಾರು ವರ್ಷ ಇದ್ದರೂ ಜಯಂತಣ್ಣನ ಹೊರತು ಯಾರ ಮನೆಯ ಗಂಟೆಯನ್ನೂ ನಾನು ಒತ್ತಿದವನಲ್ಲ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ಲಿಫ್ಟಿನ ಬಟನ್ನುಗಳನ್ನು ಮೊದಲ ಬಾರಿ ನೋಡುವವನಂತೆ ಓದುತ್ತ ನಿಲ್ಲುವುದು ನನ್ನ ಜಾಯಮಾನ. ಅಂಥವನು ಅಂದು ಮೆಟ್ಟಿಲ ಮೇಲೆ ನಿಂತು, "ಪುಡೀ! ಪುಡೀ!" ಎಂದು ಗಟ್ಟಿಯಾಗಿ ಕೂಗಿದೆ. ಮೊದಲು ತೆರೆದದ್ದು ಎದುರು ಮನೆಯ ಮಲಯಾಳಿ ನರ್ಸಮ್ಮನ ಬಾಗಿಲು. ಅವರ ಮುಖ ಕೆಂಪಾಗಿತ್ತು. ಅವರ ಭಾಷೆಯಲ್ಲಿ 'ಪೋಡೀ' ಎಂದರೆ 'ತೊಲಗೇ' ಎಂದು ಅರ್ಥವೆಂಬುದು ನನಗೆ ಆಮೇಲೆ ತಿಳಿಯಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರನ್ನು ಅವರದೇ ಬಾಗಿಲ ಮುಂದೆ ನಿಂತು ತೊಲಗೆಂದರೆ ಯಾರಿಗಾದರೂ ಬೇಜಾರಾಗುತ್ತದೆ. ನಾನು ಕ್ಷಮೆ ಕೇಳುತ್ತಿರುವಾಗಲೇ ಮೇಲಿನಿಂದ ಜಯಂತಣ್ಣ ಬಗ್ಗಿ, "ಪೋಡಿಯಾ? ಎಂಥ ಪೋಡಿ? ಜೀಗುಜ್ಜೆಯದ್ದಾ?" ಎಂದರು. ಅವರ ಕಡೆ ಪೋಡಿ ಎಂದರೆ ಬಜ್ಜಿ, ಜೀಗುಜ್ಜೆ ಎಂದರೆ ಹಲಸಿನ ಜಾತಿಯ ಒಂದು ಕಾಯಿ.

ವಿಷಯ ಕೇಳಿ ಇಬ್ಬರೂ ಹೊರಗೆ ಬಂದರು. "ಯಾವ ಬಣ್ಣ?" ಎಂದರು ನರ್ಸಮ್ಮ ಹಿಂದಿಯಲ್ಲಿ. ಬಾಲದ ಮಟ್ಟಿಗೆ ಬೂದು ಎಂದೆ. "ಮುಖ?" ನೋಡಿಲ್ಲ ಎಂದೆ. "ನಿಮ್ಮದೇ ಬೆಕ್ಕಲ್ವಾ?" ಎಂದು ಅವರು ಕೇಳಿದ ರೀತಿಯಲ್ಲಿ ಸಂಶಯಕ್ಕಿಂತ ಕನಿಕರ ಹೆಚ್ಚಿತ್ತು. ನೆಲಮಹಡಿಯಲ್ಲಿ ಹಮೀದ್ ಚಾಚಾ ಇದ್ದರು, ಒಮಾನಿ ಮುದುಕರು, ನಮಗಿಂತ ಸೊಗಸಾಗಿ ಹಿಂದಿ ಮಾತಾಡುವವರು. ಅವರೂ ಕೋಲೂರಿಕೊಂಡು ಎದ್ದು ಬಂದು, ಮಕ್ಕಳು ಮರಿ ಯಾವುದಾದರೇನು, ಕಳೆದದ್ದನ್ನು ಹುಡುಕಲೇಬೇಕು, ಯಲ್ಲಾ, ನಡೆಯಿರಿ ಎಂದರು. ನಾಲ್ವರೂ ಕಾರ್‌ಪಾರ್ಕಿಂಗು, ಜನರೇಟರ್ ಕೋಣೆ, ಹಿಂದಿನ ಗೋಡೆ ಎಲ್ಲ ಹುಡುಕಿದೆವು. ಸಂಜೆಯವರೆಗೆ ಸಿಕ್ಕಿದ್ದು ಬೇರೆ ಯಾರದೋ ಮೂರು ಬೆಕ್ಕು. ಮೂರೂ ನನ್ನನ್ನು ನೋಡಿ ಓಡಲಿಲ್ಲವಾದ್ದರಿಂದ ಯಾವುದೂ ನಮ್ಮದಲ್ಲವೆಂದು ಖಚಿತವಾಯಿತು.

ಕೊನೆಗೆ ಲಿಂಡಾಗೆ ಫೋನು ಮಾಡಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. "ನೀವು ಕರೆದರೆ ಅವನು ಬರುವುದಿಲ್ಲ. ಅವಳು ಕರೆಯಲಿ" ಎಂದರು. ಅಂದರೆ ಚಟ್ನಿಯನ್ನು ಹಿಡಿಯಬೇಕು. ಹಿಡಿಯುವ ಧೈರ್ಯಕ್ಕಾಗಿ ಟವೆಲ್, ಒಲೆಯ ಪಕ್ಕದ ದಪ್ಪ ಕೈಗವಸು ಎಲ್ಲ ಹಾಕಿಕೊಂಡು ಬುಟ್ಟಿಯನ್ನು ನೆಲಕ್ಕಿಟ್ಟೆ. ಚಟ್ನಿ ಕೂಗು ನಿಲ್ಲಿಸಿತು. ಬುಟ್ಟಿಯೊಳಗೆ ಎರಡೂ ಒಟ್ಟಿಗೆ ಬಂದ ದಿನದ ಹಳೆಯ ಟವೆಲಿತ್ತು. ಅದನ್ನು ಮೂಸಿತು. ಆಮೇಲೆ ತಾನಾಗಿಯೇ ಒಳಗೆ ಹೋಗಿ, ಇನ್ನೊಬ್ಬರಿಗೆ ಜಾಗ ಬಿಟ್ಟು, ಒಂದು ಬದಿಗೆ ಸರಿದು ಕೂತಿತು. ಕೈಗವಸು ಹಾಕಿದ ಕೈಯಲ್ಲಿ ಕಣ್ಣೊರೆಸಿಕೊಳ್ಳುವುದು ಕಷ್ಟ. ಅದರಲ್ಲಿ ಸಾಸಿವೆ ಇತ್ತು ಬೇರೆ.

ಬುಟ್ಟಿ ಹೊತ್ತು ಮಹಡಿ ಮಹಡಿ ಹತ್ತಿದೆ. ಹಿಂದೆ ಜಯಂತಣ್ಣ, ನರ್ಸಮ್ಮ, ಒಂದೊಂದೇ ಮೆಟ್ಟಿಲೇರುತ್ತ ಹಮೀದ್ ಚಾಚಾ. ಆದರೆ ಮನೆಯೊಳಗೆ ಕಟ್ಟಡ ಅದುರುವಂತೆ ಕೂಗಿದ ಚಟ್ನಿ, ಹೊರಗೆ ಜನರನ್ನು ಕಂಡದ್ದೇ ತುಟಿ ಬಿಚ್ಚಲಿಲ್ಲ. ಕಟ್ಟಕಡೆಗೆ ತಾರಸಿ ತಲುಪಿದೆವು. ನೀರಿನ ಟ್ಯಾಂಕುಗಳು, ಡಿಶ್ಶುಗಳು, ಇನ್ನೂ ಇಳಿಯದ ಕಾವು. "ನೀವೇ ಒಮ್ಮೆ ಸುರು ಮಾಡಿ ಮಾರಾಯ್ರೆ, ಅದಕ್ಕೆ ನಾಚಿಕೆ" ಎಂದರು ಜಯಂತಣ್ಣ. ಮೂವರೂ ನನ್ನನ್ನೇ ನೋಡಿದರು. ಪದವೀಧರ, ಸಂಸಾರಸ್ಥ, ಒಂದು ವಿಭಾಗದ ಮುಖ್ಯಸ್ಥನಾದ ನಾನು ತಾರಸಿಯ ನಡುವೆ ನಿಂತು "ಮ್ಯಾಂವ್" ಎಂದೆ. ಚಟ್ನಿ ನನ್ನಿಂದ ಮುಖ ತಿರುಗಿಸಿಕೊಂಡಿತು. ಇನ್ನೊಮ್ಮೆ ಎಂದೆ. ಆಗ ಮಸೀದಿಯಿಂದ ಸಂಜೆಯ ಅಜಾನ್ ಕೇಳಿಬಂತು. ಹಮೀದ್ ಚಾಚಾ ತಲೆಬಾಗಿದರು, ನಾವು ಸುಮ್ಮನಾದೆವು. ಅಜಾನ್ ಮುಗಿದು ಎಲ್ಲ ನಿಶ್ಶಬ್ದವಾದಾಗ ಚಟ್ನಿ ಒಮ್ಮೆ, ಸಣ್ಣಗೆ, ಪ್ರಶ್ನೆ ಕೇಳುವಂತೆ ಕೂಗಿತು. ಕೊನೆಯ ಟ್ಯಾಂಕಿನ ಹಿಂದಿನಿಂದ ಉತ್ತರ ಬಂತು.

ನೆರಳಿನಿಂದ ಪುಡಿ ಹೊರಬಂತು. ಮುಖ ಈಗ ನೋಡಿದೆ: ಒಂದು ಕಿವಿ ಹರಿದಿದೆ, ಮೂಗಿನ ಮೇಲೆ ಮಚ್ಚೆ. ನಾಲ್ಕು ಜನ ಮನುಷ್ಯರ ನಡುವೆ, ಹೊಟ್ಟೆ ನೆಲಕ್ಕೆ ತಾಗಿಸಿ, ನಡುಗುತ್ತ, ಆದರೂ ನಿಲ್ಲದೆ, ನೇರವಾಗಿ ಬುಟ್ಟಿಯ ಹತ್ತಿರ ಬಂತು. ಬಾಗಿಲು ತೆರೆದೆ. ಒಳಗೆ ಹೋಯಿತು. ಚಟ್ನಿ ಅದರ ಹರಿದ ಕಿವಿಯನ್ನು ನೆಕ್ಕಿತು. ನರ್ಸಮ್ಮ ದುಪಟ್ಟಾದಿಂದ ಮುಖ ಒರೆಸಿಕೊಂಡರು. ಜಯಂತಣ್ಣ ಬಗ್ಗಿ ಬುಟ್ಟಿಯೊಳಗೆ ನೋಡಿ, "ಉಂಟು. ಎರಡೂ ಉಂಟು" ಎಂದು ಒಪ್ಪಿಕೊಂಡರು.

ಅಂದಿನಿಂದ ಉಳಿದ ಬೇಸಿಗೆಯನ್ನು ನಾನು ಹಾಲಿನ ನೆಲದ ಮೇಲೆ ಕಳೆದೆ ಎನ್ನಬೇಕು. ಸೋಫಾದಲ್ಲಿ ಕೂತರೆ ಅವು ಬರುತ್ತಿರಲಿಲ್ಲ. ನೆಲದಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದರೆ ದಿವಾನದ ಅಂಚಿನಲ್ಲಿ ಮೊದಲು ಮೀಸೆ, ಕೆಲವು ದಿನದ ಮೇಲೆ ಮೂಗು, ಆಮೇಲೆ ಇಡೀ ಬೆಕ್ಕು. ಟಿವಿಯ ಸದ್ದು ಇಳಿಸಿದೆ. ಸೀನು ಬಂದರೆ ಬಾಲ್ಕನಿಗೆ ಓಡಿ ಸೀನಿದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಪುಡಿ ಬಂದು ನನ್ನ ಚಪ್ಪಲಿಯ ಮೇಲೆ ಒಂದು ಕಾಲಿಟ್ಟಿತು. ಚಪ್ಪಲಿಯೊಳಗೆ ನನ್ನ ಕಾಲಿರಲಿಲ್ಲ. ಆದರೂ ಅದು ನನ್ನ ಜೀವನದ ದೊಡ್ಡ ಸಾಧನೆಗಳಲ್ಲಿ ಒಂದು ಎಂದೇ ನಾನು ತಿಳಿದೆ.

ತಾಯಿ ಮಗಳು ವಾಪಸು ಬಂದ ದಿನ ಏರ್‌ಪೋರ್ಟಿನಿಂದ ಮನೆಯವರೆಗೂ ಕಾರಿನಲ್ಲಿ ಉಪದೇಶ ಮಾಡಿದೆ. ಹತ್ತಿರ ಹೋಗಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ನಂಬಿಕೆ ಎನ್ನುವುದು ತಿಂಗಳುಗಟ್ಟಲೆ ಕಟ್ಟಬೇಕಾದದ್ದು. ಬಾಗಿಲು ತೆರೆದದ್ದೇ ಶ್ರಾವ್ಯಾ ಬ್ಯಾಗು ಎಸೆದು ನೆಲದ ಮೇಲೆ ಬೋರಲು ಬಿದ್ದು, "ಚಟ್ನೀ! ಪುಡೀ! ಐಯಾಮ್ ಹೋಮ್!" ಎಂದು ಕಿರುಚಿದಳು. ಎರಡೂ ಹೊರಗೆ ಬಂದವು. ಒಂದು ಅವಳ ಬೆನ್ನ ಮೇಲೆ ಹತ್ತಿ ಕೂತಿತು. ಇನ್ನೊಂದು ವಸುಧಾಳ ಕಾಲಿಗೆ ಮೈ ಉಜ್ಜಿತು. "ಎಷ್ಟು ಸಾಧು ರೀ ಇವು! ನೀವು ಸುಮ್ಮನೆ ಹೆದರಿಸಿದ್ರಿ" ಎಂದಳು ಹೆಂಡತಿ.

ನಾನು ಯಾರಿಗೂ ಏನೂ ಹೇಳದೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂಜುವ ಬೆಕ್ಕಾದರೆ ಅದನ್ನು ಹೊರತರಲು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನೆಲದ ಮೇಲೆ ಕೂರುತ್ತಾರೆ. ಮುನಿಸಿಕೊಂಡ ಗಂಡಸಿಗೂ ಹೀಗೇ ಯಾರಾದರೂ ಬಾಗಿಲ ಹತ್ತಿರ ಬಂದು ಮೆಲ್ಲಗೆ ಕರೆಯಬಹುದು ಎಂದು ಕಾದೆ. ಬಹಳ ಹೊತ್ತಾದ ಮೇಲೆ ಶ್ರಾವ್ಯಾ, "ಅಪ್ಪ ಎಲ್ಲಿ?" ಎಂದು ಕೇಳಿದ್ದು ಕೇಳಿಸಿತು. ನಾನು ಮುಖ ಸ್ವಲ್ಪ ಬಿಗಿಮಾಡಿಕೊಂಡು ಸಿದ್ಧನಾದೆ. "ಒಳಗಿದ್ದಾರೆ, ಬಿಡು. ಅಜ್ಜಿ ಮಾಡಿಕೊಟ್ಟ ಚಕ್ಕುಲಿ ಡಬ್ಬಿ ತೆಗೀತಿದೀನಿ, ತಾವೇ ಬರ್ತಾರೆ" ಎಂದಳು ವಸುಧಾ.

ಡಬ್ಬಿಯ ಮುಚ್ಚಳ ಟಕ್ ಎಂದಿತು. ಹೋದೆ.