ಅಳಿಯನ ಮೇಲ್, ಮಾವನ ಕಾವಲು

ಫೋಟೊ ಸ್ಟುಡಿಯೊದ ಯಜಮಾನನಿಗೆ ಆ ದಿನ ಬೇಕಿದ್ದದ್ದು ಒಂದೇ ಒಂದು ಮೇಲ್. ಶಾಲೆಯ ಫೋಟೊಗಳನ್ನು ಪೋಷಕರೆಲ್ಲ ಮನೆಯಲ್ಲೇ ಕುಳಿತು ನೋಡುವಂತೆ ಕ್ಲೌಡ್‌ಗೆ ಹಾಕಿ, ಸಂಜೆಯೊಳಗೆ ಲಿಂಕ್ ಕಳಿಸಬೇಕೆಂದು ಹೆಡ್‌ಮಿಸ್ ಕಟ್ಟಪ್ಪಣೆ ಮಾಡಿದ್ದರು. ತಪ್ಪಿದರೆ ಶಾಲೆಯ ಕೆಲಸವೆಲ್ಲ ಎದುರಿನ ಹೊಸ ಸ್ಟುಡಿಯೊಗೆ. ಆಮೇಲೆ ಇವನಿಗೆ ಉಳಿಯುವುದು ಪಾಸ್‌ಪೋರ್ಟ್ ಸೈಜಿನ ಮುಖಗಳು ಮಾತ್ರ.

ಖಾತೆ ತೆರೆಯಲು ಹೆಸರು ಕೊಟ್ಟ, ವಿಳಾಸ ಕೊಟ್ಟ. ‘ನಿಮ್ಮ ಮೇಲ್‌ಗೆ ಲಿಂಕ್ ಕಳಿಸಿದ್ದೇವೆ, ಒತ್ತಿ ಖಚಿತಪಡಿಸಿ’ ಎಂದಿತು ಪರದೆ. ತೆರೆದು ನೋಡಿದರೆ ಏನೂ ಇಲ್ಲ. ‘ಮತ್ತೆ ಕಳಿಸಿ’ ಒತ್ತಿದ. ಕಳಿಸಿದ್ದೇವೆ ಎಂದಿತು. ಬರಲಿಲ್ಲ.

“ಸ್ಪ್ಯಾಮ್ ನೋಡಿದ್ರಾ?” ಎನ್ನುತ್ತ ಪಕ್ಕದಂಗಡಿಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಒಳಬಂದ. ನೋಡಿದ್ದಾಯಿತು. ಸ್ಪ್ಯಾಮು, ಕಸದಬುಟ್ಟಿ ಎರಡೂ ಗುಡಿಸಿ ಒರೆಸಿದ ಹಾಗೆ ಖಾಲಿ.

“ವಿಳಾಸ ತಪ್ಪಾಗಿ ಹೊಡ್ದಿರ್ತೀರಿ. ನಿಮ್ ಕಣ್ಣು ಸರಿ ಇಲ್ಲ ಅಂತ ಎಷ್ಟು ಸಲ ಹೇಳಿಲ್ಲ?” ಎಂದು ಆಚೆ ಪಕ್ಕದ ಕನ್ನಡಕದಂಗಡಿಯವನು ಯಜಮಾನನನ್ನು ಎಳೆದೊಯ್ದು, ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸಿ ಕಳಿಸಿದ. ವಿಳಾಸವೂ ಸರಿಯಿತ್ತು, ಕಣ್ಣೂ ಸರಿಯಿತ್ತು.

ಇತ್ತ ‘ಗದ್ದ ಸ್ವಲ್ಪ ಮೇಲೆ’ ಎಂದು ಬೆಳಿಗ್ಗೆಯೇ ಸ್ಟೂಲಿನ ಮೇಲೆ ಕೂರಿಸಿದ್ದ ಗಿರಾಕಿಯನ್ನು ಎಲ್ಲರೂ ಮರೆತಿದ್ದರು. ಅವನು ಗದ್ದ ಇಳಿಸದೆಯೇ ಕೇಳಿದ: “ನಿಮ್ ಮೇಲ್ ಮನೇಲಿ ಬೇರೆ ಯಾರಾದ್ರೂ ನೋಡ್ತಾರಾ?”

ಯಜಮಾನ ಹಣೆ ಚಚ್ಚಿಕೊಂಡ. ಮಾವ! ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಮಾವನವರಿಗೆ ಹೊತ್ತು ಹೋಗಲೆಂದು ಇವನೇ ಟ್ಯಾಬಿನಲ್ಲಿ ಸ್ಟುಡಿಯೊದ ಮೇಲ್ ತೆರೆದುಕೊಟ್ಟಿದ್ದ. “ಗುರುತಿಲ್ಲದೋರು ‘ಇಲ್ಲಿ ಒತ್ತಿ’ ಅಂತ ಬರೆದ್ರೆ ಹಿಂದುಮುಂದು ನೋಡದೆ ಅಳಿಸ್ಬಿಡಿ ಮಾವ” ಎಂದು ಪಾಠವನ್ನೂ ಹೇಳಿದ್ದ.

ಕೂಡಲೇ ಫೋನ್ ಮಾಡಿದ. “ಮಾವ, ಒಂದು ಮೇಲ್ ಬರತ್ತೆ, ದಯವಿಟ್ಟು ಅಳಿಸ್ಬೇಡಿ!”

“ಯಾರಪ್ಪಾ ಅದು?”

“ನಾನೇ, ನಿಮ್ಮ ಅಳಿಯ!”

“ಹಾಗಂತ ಎಲ್ರೂ ಹೇಳ್ತಾರೆ. ಆತುರ ಪಡಿಸೋರನ್ನ ನಂಬಬೇಡಿ ಅಂತ ನಮ್ಮ ಅಳಿಯಂದಿರೇ ಹೇಳಿದಾರೆ.” ಫೋನ್ ಕಟ್ಟಾಯಿತು.

ಅವನು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ. ಮಾವ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಗೆದ್ದವರ ಹಾಗೆ ಕುಳಿತಿದ್ದರು. “ಬನ್ನಿ ಅಳಿಯಂದಿರೇ! ಇವತ್ತು ಒಬ್ಬ ಕಳ್ಳ ಗಂಟುಬಿದ್ದಿದಾನೆ. ಅವನು ಕಳಿಸ್ತಾನೆ, ನಾನು ಅಳಿಸ್ತೀನಿ. ಕಸದಬುಟ್ಟೀನೂ ಬಿಟ್ಟಿಲ್ಲ!”

ಬೈಯಲು ಬಾಯಿ ತೆರೆದವನಿಗೆ ಆ ಮುಖದ ಹೆಮ್ಮೆ ನೋಡಿ ಮನಸ್ಸು ಬರಲಿಲ್ಲ. ಮೆಲ್ಲಗೆ ವಿಷಯ ತಿಳಿಸಿದ. ಮಾವ ನಾಲಿಗೆ ಕಚ್ಚಿಕೊಂಡರು. ಅಳಿಯ ತನ್ನ ಫೋನಿನಿಂದ ‘ಮತ್ತೆ ಕಳಿಸಿ’ ಒತ್ತಿದ. ಈ ಸಲ ಮೇಲ್ ಬಂದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅಳಿಯ ಒತ್ತಿದ. ಖಾತೆ ತೆರೆಯಿತು!

ಇಬ್ಬರೂ ಸ್ಟುಡಿಯೊಗೆ ಓಡಿ ಬಂದರು. ಫೋಟೊಗಳು ಒಂದೊಂದಾಗಿ ಕ್ಲೌಡ್ ಸೇರಿದವು, ಲಿಂಕ್ ಹೆಡ್‌ಮಿಸ್‌ಗೆ ಹೋಯಿತು. ಟೈಲರ್ ಚಪ್ಪಾಳೆ ತಟ್ಟಿದ. ಗಿರಾಕಿ ಕೊನೆಗೂ ಗದ್ದ ಇಳಿಸಿದ.

ಅಷ್ಟರಲ್ಲಿ ಹೆಡ್‌ಮಿಸ್ ಫೋನು. “ಏನ್ರೀ, ಲಿಂಕ್ ಎಲ್ಲಿ?”

“ಈಗ್ತಾನೆ ಕಳಿಸ್ದೆ ಮೇಡಂ!”

“ಬಂದಿಲ್ಲವಲ್ಲ. ‘ಇಲ್ಲಿ ಒತ್ತಿ’ ಅಂತ ಯಾವನೋ ಕಳ್ಳನ ಮೇಲ್ ಬಂದಿತ್ತು ಅಷ್ಟೆ. ನಿಮ್ ಮಾವನೋರು ವಾಕಿಂಗ್‌ನಲ್ಲಿ ನಮಗೆಲ್ಲ ಹೇಳ್ಕೊಟ್ಟಿದಾರಲ್ಲ, ತಕ್ಷಣ ಅಳಿಸ್ದೆ. ಆ ವಿಳಾಸಾನೇ ಬ್ಲಾಕ್ ಮಾಡ್ದೆ. ನಿಮ್ದು ಬೇಗ ಕಳ್ಸಿ, ಕಾಯ್ತಿರ್ತೀನಿ.” ಉತ್ತರಕ್ಕೆ ಕಾಯದೆ ಫೋನಿಟ್ಟರು.

ಯಜಮಾನ ತಲೆಯ ಮೇಲೆ ಕೈಹೊತ್ತು ಕುಳಿತ. ಮಾವ ಆಗಲೇ ಚಪ್ಪಲಿ ಮೆಟ್ಟಿದ್ದರು.

“ಏಳಿ ಅಳಿಯಂದಿರೇ, ಸಂಜೆಗಿನ್ನೂ ಹೊತ್ತಿದೆ. ಶಾಲೆ ಇಲ್ಲೇ ಅಲ್ವಾ, ನಡ್ಕೊಂಡೇ ಹೋಗಿ ಹೇಳೋಣ. ನೀವು ನೀವೇ ಅಂತ ಖಚಿತಪಡ್ಸೋಕೆ ನಾನಿಲ್ವೇ!”