ದೇವೀರಪ್ಪನ ಕಾರು ಗಟ್ಟಿಯಾದದ್ದು

ಅರಸೀಕೆರೆಯ ದೇವೀರಪ್ಪನ ಕಾರಿಗೆ ಇದ್ದದ್ದು ಒಂದೇ ಕಾಯಿಲೆ. ರಸ್ತೆಯಲ್ಲಿ ಹಂಪು ಸಿಕ್ಕಿದರೆ ಸಾಕು, ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು.

ಬಟ್ಟೆ ಟಾಪಿನ ಹಳೇ ಕಾರು ಅದು. ಬಿಕ್ಕೋಡಿನ ಕಡೆ ಯಾವುದೋ ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ದೇವೀರಪ್ಪ ಅದನ್ನು ಕಂಡು ಮರುಳಾಗಿ, ಕೋಳಿಗಳನ್ನು ಎಬ್ಬಿಸಿ ಎಳೆಸಿಕೊಂಡು ಬಂದಿದ್ದ. ಬಟ್ಟೆ ಎಂದೋ ಚಿಂದಿಯಾಗಿ, ಈಗ ತಲೆಯ ಮೇಲೆ ಆಕಾಶವೇ ಟಾಪು. ಆದರೆ ಮದುವೆ ಗಂಡಿನ ಮೆರವಣಿಗೆಗೆ ಅಂಥ ಕಾರು ಸುತ್ತಮುತ್ತ ಇನ್ನೊಂದಿರಲಿಲ್ಲ. ಹೂವು ಕಟ್ಟಿ, ಪೇಟದ ಗಂಡನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎದುರಿಗೆ ವಾಲಗ ಬಿಟ್ಟರೆ ರಾಜರ ಸವಾರಿಯೇ. ಓಡುವಾಗ ಮಾತ್ರ ಚಿಪ್ಪಿನೊಳಗೆ ಒಣಗಿದ ಕೊಬ್ಬರಿಯ ಹಾಗೆ ಲೊಟಲೊಟ ಅನ್ನುವುದು. ಮುಂದಿನ ಚಕ್ರ ಗುಂಡಿಗಿಳಿದರೆ ಕಾರಿನ ಮೂತಿ ಒಂದು ಕಡೆ, ಬೆನ್ನು ಇನ್ನೊಂದು ಕಡೆ ತಿರುಚಿಕೊಳ್ಳುವುದು. ಆ ತಿರುಚಾಟದಲ್ಲೇ ಬಾಗಿಲು ಬಿಟ್ಟುಕೊಳ್ಳುತ್ತಿತ್ತು.

ಹಿಂದಿನ ವರ್ಷ ಜಾವಗಲ್ಲಿನಲ್ಲಿ ಹಾಗೇ ಆಯಿತು. ಛತ್ರದ ಬಾಗಿಲಲ್ಲಿ ಹೆಣ್ಣಿನವರು ಆರತಿ ಹಿಡಿದು ನಿಂತಿದ್ದಾರೆ, ಕಾರು ಹಂಪು ಹತ್ತಿ ಇಳಿಯಿತು, ಬಾಗಿಲು ತೆರೆಯಿತು, ಗಂಡು ಜಾರುಗುಪ್ಪೆ ಆಡಿದವನಂತೆ ಹೋಗಿ ಆರತಿಯವರ ಕಾಲ ಬುಡದಲ್ಲಿ ಕೂತ. ಆ ಗಂಡು ಬೇರೆ ಯಾರೂ ಅಲ್ಲ, ದೇವೀರಪ್ಪನ ಹೆಂಡತಿ ಸಿದ್ಧಗಂಗಮ್ಮನ ಒಡಹುಟ್ಟಿದ ತಮ್ಮ. ಅಂದಿನಿಂದ ಆಕೆ ಕಾರಿನ ಕಡೆ ತಿರುಗಿ ನೋಡಿದವಳಲ್ಲ. ಹೇಳಬೇಕಾದ್ದನ್ನು ಮಾತ್ರ ಒಂದು ದಿನ ಹೇಳಿದ್ದಳು.

"ಇನ್ನೊಂದ್ಸಲ ಆ ಬಾಗ್ಲು ತಾನಾಗೇ ತೆಗೆದಿದ್ದು ನನ್ನ ಕಣ್ಣಿಗೆ ಬೀಳ್ಲಿ, ಮಾರನೇ ದಿನ ಗುಜರಿಯವ್ನು ಮನೆ ಮುಂದೆ ಇರ್ತಾನೆ."

ಇಂಥ ಹೊತ್ತಿನಲ್ಲಿ ಮಾದಿಹಳ್ಳಿಯ ನಂಜುಂಡಯ್ಯನವರು ಮನೆಗೆ ಬಂದರು. ತೆಂಗು, ಗದ್ದೆ, ಟ್ರ್ಯಾಕ್ಟರು ಇದ್ದ ಕುಳ. ಮಗ ಹೇಮಂತನ ಮದುವೆ ಹಳೇಬೀಡಿನ ಛತ್ರದಲ್ಲಿ, ಮೆರವಣಿಗೆಗೆ ಕಾರು ಬೇಕು ಅಂದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಜಾವಗಲ್ಲಿಗೆ ಬಂದಿತ್ತಲ್ಲ, ಅದೇ ಕಾರು ತರಬೇಕು. ನಮ್ಮವ್ವ ಆ ಬಾಗ್ಲು ವಿಚಾರ ಬಾಳ ಹೇಳವ್ಳೆ. ಬಾಗ್ಲು ಕಡೆ ಗ್ಯಾನ ಇರ್ಲಿ ದೇವೀರಪ್ಪ," ಅಂದರು.

ದೇವೀರಪ್ಪ ಲೆಕ್ಕ ಹಾಕಿದ. ಜಾವಗಲ್ಲಿನ ಅವಮಾನ ಮಾದಿಹಳ್ಳಿಯ ಮುದುಕಿಯ ಬಾಯಿಗೂ ಹೋಗಿದೆ ಅಂದರೆ, ಈ ಸಲ ತಪ್ಪಿದರೆ ಕಾರೂ ಇಲ್ಲ, ಮುಖವೂ ಇಲ್ಲ. ರಿಪೇರಿಗೆ ಅಂದೇ ಓಡಾಡಿದ. ಎಲ್ಲರೂ ನಾಳೆ ನಾಳೆ ಅಂದು, ಕೊನೆಗೆ ಮದುವೆಯ ಹಿಂದಿನ ದಿನ ಬೆಳಗ್ಗೆ, ಗಂಡಿನ ಮೆರವಣಿಗೆಯ ದಿನವೇ, ಮೂವರೂ ಒಟ್ಟಿಗೆ ಬಂದರು.

ಎತ್ತಿನ ಗಾಡಿ ಮಾಡುವ ದ್ಯಾವಯ್ಯ ಕಾರಿನ ಕೆಳಗೆ ಬಗ್ಗಿ ನೋಡಿ, ತಪ್ಪೆಲ್ಲಾ ಸ್ಪ್ರಿಂಗ್ ಪಟ್ಟಿಯದು, ಸೊಂಟ ಬಿದ್ದುಹೋಗಿದೆ ಅಂದ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತಂದು ಹಿಂದುಗಡೆ ಸೇರಿಸಿದ. ಕಾರು ಏಳಲು ಹೊರಟ ಹಸುವಿನಂತೆ ಹಿಂಭಾಗ ಎತ್ತಿ ಮೂತಿ ನೆಲಕ್ಕೆ ಹಚ್ಚಿತು. ಅದನ್ನು ತಗ್ಗಿಸಲು ಡಿಕ್ಕಿಗೆ ಮರಳ ಚೀಲ ಬಿತ್ತು.

ಎದುರುಮನೆಯ ಇಂದುಧರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪಟ್ಟಿಯ ತಪ್ಪೇ ಅಲ್ಲ ಅಂದು ಮನೆಯಿಂದ ಚಪ್ಪಲಿ ಡಬ್ಬ ತಂದರು. ಮುಚ್ಚಳ ಹಾಕಿ ತಿರುಚಿದರು, ಡಬ್ಬ ಜಗ್ಗಲಿಲ್ಲ. ಮುಚ್ಚಳ ತೆಗೆದು ತಿರುಚಿದರು, ಡಬ್ಬ ಹಿಂಡಿದ ಬಟ್ಟೆಯಂತಾಯಿತು. ಟಾಪು ಇಲ್ಲದ ಕಾರಿನ ಹಣೆಬರಹವೂ ಇಷ್ಟೇ, ಮೇಲಿಲ್ಲದ ಬಲವನ್ನು ಕೆಳಗೆ ಕೊಡಬೇಕು ಅಂತ ವಿವರಿಸಿದರು. ಬಾಗಿಲ ಕೆಳಗೆ ಎರಡೂ ಕಡೆ ಉದ್ದಕ್ಕೆ ಕಬ್ಬಿಣದ ಆಂಗಲ್ಲು, ಸೀಟಿನ ಹಿಂದೆ ಅಡ್ಡಕ್ಕೆ ಒಂದು ಪೈಪು ಅಂತ ತೀರ್ಮಾನವಾಯಿತು.

ಅದನ್ನು ಕೂರಿಸಬೇಕಾದವನು ವೆಲ್ಡಿಂಗಿನ ಹನುಮಂತಯ್ಯ. ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂದು ಚಟಚಟ ಕಿಡಿ ಹಾರಿಸಿದ. ಆಮೇಲೆ ಬಾಗಿಲನ್ನು ನೋಡಿ, "ಮೇಲೆ ಟಾಪೇ ಇಲ್ಲ, ಗಂಡು ಹಾರಿ ಕೂತ್ಕಂತಾನೆ. ಬಾಗ್ಲು ಯಾಕ್ ಬೇಕು?" ಅಂದು, ಯಾರನ್ನೂ ಕೇಳದೆ ಎರಡೂ ಬಾಗಿಲಿಗೆ ಬೆಸುಗೆ ಹಾಕಿಬಿಟ್ಟ.

ಗಾಳಿಯ ವಿಚಾರದಲ್ಲಿ ಮಾತ್ರ ಮೂವರಿಗೂ ಹೊಂದಲಿಲ್ಲ. ಟೈರು ಮೆತ್ತಗಿದ್ದರೆ ಕುಲುಕಾಟ ಕಡಿಮೆ ಅಂತ ದ್ಯಾವಯ್ಯ ಗಾಳಿ ಬಿಟ್ಟ. ತಿರುವಿನಲ್ಲಿ ಕಾರು ವಾಲುತ್ತದೆ ಅಂತ ಮೇಷ್ಟ್ರು ಪಂಪು ಹೊಡೆಸಿದರು. ಹನುಮಂತಯ್ಯ ಮುಂದಿನದಕ್ಕೆ ಬಿಟ್ಟು ಹಿಂದಿನದಕ್ಕೆ ಹೊಡೆದ. ಯಾರು ಏನಂದರೂ ಹೂಂ ಅಂದು ಅಂದು ದೇವೀರಪ್ಪನ ಕತ್ತಿಗೇ ನೋವು ಬಂತು. ಒಬ್ಬ ಮೆತ್ತಗೆ ಮಾಡಿದ್ದನ್ನು ಇನ್ನೊಬ್ಬ ಗಟ್ಟಿ ಮಾಡುತ್ತಿದ್ದ. ಕಾರಿಗೆ ಏನು ಬೇಕು ಅನ್ನುವುದು ಹಾಗಿರಲಿ, ತನಗೇನು ಬೇಕು ಅನ್ನುವುದೂ ಅವನಿಗೆ ಮರೆತುಹೋಯಿತು.

ಆದರೂ ಸೋಜಿಗವೆಂದರೆ, ಕಾರು ಸರಿಯಾಯಿತು. ಸದ್ದಿಲ್ಲ, ಅಲ್ಲಾಟವಿಲ್ಲ. ಮೊದಲು ಸ್ಟೇರಿಂಗು ತಿರುಗಿಸಿದರೆ ಕಾರು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಈಗ ಇವನು ಯೋಚಿಸುವ ಮುಂಚೆಯೇ ತಿರುಗುತ್ತಿತ್ತು. ಹಳೇಬೀಡಿನ ದಾರಿಯಲ್ಲಿ ಒಕ್ಕಣೆಗೆ ಹರಡಿದ್ದ ಹುರುಳಿಯನ್ನು ತಪ್ಪಿಸಲು ಹೋಗಿ ಬೇಲಿಯನ್ನೇ ಮಾತಾಡಿಸಿ ಬಂದ. ಒಂದೊಂದು ಕಲ್ಲೂ ನೇರವಾಗಿ ಬೆನ್ನುಮೂಳೆಗೆ ಬಂದು ತನ್ನ ಹೆಸರು ಹೇಳಿ ಹೋಗುತ್ತಿತ್ತು. ಜಾವಗಲ್ಲಿನಲ್ಲಿ ಅದೇ ಛತ್ರ, ಅದೇ ಹಂಪು. ಕಣ್ಣು ಮುಚ್ಚಿ ದಾಟಿಸಿದ. ಬಾಗಿಲು ಬಂಡೆಯ ಹಾಗೆ ಕೂತಿತ್ತು. ದೇವೀರಪ್ಪನ ಕಣ್ಣಲ್ಲಿ ನೀರು ಬಂತು.

ಹಳೇಬೀಡು ಮುಟ್ಟಿದಾಗ ಬಿಸಿಲು ಇಳಿದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ವಾಲಗದವರು, ನೆಂಟರು ಕಾದಿದ್ದರು. ನಂಜುಂಡಯ್ಯನವರ ತಾಯಿ ಹುಚ್ಚಮ್ಮ ಕೋಲೂರಿಕೊಂಡು ಬಂದು ಬಾಗಿಲನ್ನು ಅಲ್ಲಾಡಿಸಿ ನೋಡಿತು. ಅಲ್ಲಾಡಲಿಲ್ಲ.

"ಯಾಕಪ್ಪ, ಬಾಗ್ಲು ಮಿಸುಕಲ್ದು?"

ದೇವೀರಪ್ಪ ಎದೆಯುಬ್ಬಿಸಿದ. "ಇನ್ನು ಯಾವತ್ತೂ ಮಿಸುಕಲ್ಲ ಅಜ್ಜಿ. ಬೆಸುಗೆ ಹಾಕ್ಸಿದೀನಿ."

ಮುದುಕಿ ನೆಲದ ಮೇಲೇ ಕೂತುಬಿಟ್ಟಿತು. ನಂಜುಂಡಯ್ಯನವರ ಮುಖ ಕಪ್ಪಿಟ್ಟಿತು. ಬಾಗಿಲ ವಿಚಾರ ಅಷ್ಟು ಒತ್ತಿ ಹೇಳಿ ಬಂದಿದ್ದೆನಲ್ಲಾ ಅಂದರು. ದೇವೀರಪ್ಪನಿಗೆ ತಲೆ ಬುಡ ತಿಳಿಯಲಿಲ್ಲ. ಮುದುಕಿಯೇ ಬಿಡಿಸಿ ಹೇಳಿತು.

"ಜಾವಗಲ್ ಮದ್ವೇಲಿ ನಾನೂ ಇದ್ದೆ ಕಣಪ್ಪ. ಹೆಣ್ಣಿನೋರ ಮುಂದೆ, ಯಾರೂ ಮುಟ್ದೆ, ಬಾಗ್ಲು ತಾನೇ ತೆಗೀತು. ಆ ಗಂಡಿಗೆ ವರ್ಸ ತುಂಬೋದ್ರೊಳಗೆ ಅವಳಿ ಜವಳಿ. ನನ್ನ ಮೊಮ್ಮಗನಿಗೂ ಹಂಗೇ ಬಾಗ್ಲು ತೆಗೀಲಿ ಅಂತ್ಲೇ ನಿನ್ನ ಕಾರು ಹೇಳ್ಸಿದ್ದು. ಇಲ್ದಿದ್ರೆ ನಮ್ಮ ಟ್ರ್ಯಾಕ್ಟ್ರು ಇರ್ಲಿಲ್ವಾ?"

ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯವನು ಉಳಿ ಸುತ್ತಿಗೆ ತಂದು ಎರಡೂ ಬಾಗಿಲ ಬೆಸುಗೆ ಒಡೆದ. ಹೇಮಂತನನ್ನು ಕೂರಿಸಿದರು. ಮೆರವಣಿಗೆ ಛತ್ರಕ್ಕೆ ಬಂತು, ಹಂಪು ಹತ್ತಿತು, ಇಳಿಯಿತು. ಬಾಗಿಲು ತೆರೆಯಲಿಲ್ಲ. ಕೆಳಗಿನ ಆಂಗಲ್ಲು ಕಾರನ್ನು ತಿರುಚಿಕೊಳ್ಳಲು ಬಿಟ್ಟರೆ ತಾನೆ. ಹಿಂದಕ್ಕೆ ತಗೋ ಅಂದಿತು ಮುದುಕಿ. ಮತ್ತೆ ಹತ್ತಿಸಿದ, ಮತ್ತೆ ಇಳಿಸಿದ. ಪ್ರತಿ ಸಲವೂ ಕೆಳಗೆಲ್ಲೋ ಟಣ್ ಅನ್ನುವುದು, ಬಾಗಿಲು ಮಾತ್ರ ಜಪ್ಪಯ್ಯ ಅನ್ನದು. ಆರತಿಯ ದೀಪಕ್ಕೆ ಎರಡನೇ ಸಲ ಎಣ್ಣೆ ಬಿತ್ತು. ವಾಲಗದವರು ನುಡಿಸಿದ್ದನ್ನೇ ನುಡಿಸಿ ಕೆನ್ನೆ ತೀಡಿಕೊಂಡರು. ಹೇಮಂತನ ಪೇಟ ಮೂಗಿಗಿಳಿದಿತ್ತು.

"ಅಜ್ಜೀ, ನಾನೇ ಕೈಲಿ ತೆಗ್ದು ಇಳೀತೀನಿ ಬಿಡಿ," ಅಂದ ಅವನು.

"ನೀನು ತೆಗೆದ್ರೆ ಅದು ಬರೀ ಬಾಗ್ಲು ಕಣ್ಲಾ. ತಾನಾಗಿ ತೆಗೆದ್ರೆ ಸಕುನ. ಸುಮ್ನೆ ಕೂತ್ಕ."

ಕೊನೆಗೆ ನಂಜುಂಡಯ್ಯನವರೇ ಟ್ರ್ಯಾಕ್ಟರು ತರಿಸಿದರು. ಗಂಡನ್ನು ಎತ್ತಿ ಟ್ರೈಲರಿನಲ್ಲಿ ನಿಲ್ಲಿಸಿದರು. ಅದು ಹಂಪು ದಾಟಿದ್ದೇ ತಡ, ಹಿಂದಿನ ಹಲಗೆಯ ಕೊಂಡಿ ಕಳಚಿ ಧಡಾರನೆ ತೆರೆದುಕೊಂಡಿತು. ಹುಚ್ಚಮ್ಮ ಕೈ ಮುಗಿಯಿತು. ಆರತಿ ಎತ್ತಿದರು. ದೇವೀರಪ್ಪನನ್ನು ಊಟಕ್ಕೆ ಏಳು ಅಂತ ಅನ್ನುವವರೂ ಇರಲಿಲ್ಲ.

ಖಾಲಿ ಕಾರಿನಲ್ಲಿ ವಾಪಸು ಹೊರಟವನು ದಾರಿಯುದ್ದಕ್ಕೂ ಒಂದೇ ಸಮಾಧಾನ ಹೇಳಿಕೊಂಡ. ಮಾದಿಹಳ್ಳಿಯವರು ಬಿಟ್ಟರೆ ಬಿಡಲಿ, ಬಾಗಿಲು ತೆರೆಯಲಿಲ್ಲವಲ್ಲ. ಸಿದ್ಧಗಂಗಮ್ಮ ಕೇಳಿದ್ದೂ ಅಷ್ಟೇ ತಾನೆ. ಮನೆಯಲ್ಲಾದರೂ ಕಾರು ಉಳಿಯಿತು. ಜಾವಗಲ್ಲಿನ ಹಂಪಿನಲ್ಲಿ ಇನ್ನೊಂದು ಸಲ ಟಣ್ ಅಂದಿತು. ಕರೆಂಟು ಹೋಗುವ ಅವಸರದಲ್ಲಿ ಹಾಕಿದ್ದ ಹನುಮಂತಯ್ಯನ ಬೆಸುಗೆಗಳಲ್ಲಿ ಕೊನೆಯದೂ ಬಿಟ್ಟುಕೊಂಡ ಸದ್ದು ಅದು. ಆಂಗಲ್ಲು ಕಳಚಿ ರಸ್ತೆಯಲ್ಲೇ ಉಳಿದದ್ದು ದೇವೀರಪ್ಪನಿಗೆ ಗೊತ್ತಾಗಲಿಲ್ಲ. ಕಾರು ಮತ್ತೆ ಲೊಟಲೊಟ ಅನ್ನತೊಡಗಿದಾಗ, ಪಾಪ, ದಣಿದಿದೆ ಅಂದುಕೊಂಡ.

ಸಿದ್ಧಗಂಗಮ್ಮ ಊಟಕ್ಕೆ ಕಾಯುತ್ತಾ ಬಾಗಿಲಲ್ಲೇ ನಿಂತಿದ್ದಳು. ಮನೆಯ ಮುಂದಿನ ಚರಂಡಿಯ ಚಪ್ಪಡಿಯನ್ನು ಕಾರು ಹತ್ತಿತು, ಇಳಿಯಿತು. ಎರಡೂ ಬಾಗಿಲು ರೆಕ್ಕೆಯ ಹಾಗೆ ಬಿಚ್ಚಿಕೊಂಡವು. ದೇವೀರಪ್ಪ ಜಾರಿ ಬಂದು ಹೆಂಡತಿಯ ಕಾಲ ಬುಡದಲ್ಲಿ ಕೂತ.

ಆಕೆ ಅವನನ್ನು ನೋಡಿದಳು, ಬಾಗಿಲನ್ನು ನೋಡಿದಳು.

"ಏಳಿ, ಕೈಕಾಲು ತೊಳ್ಕಳಿ. ಗುಜರಿಯವ್ನಿಗೆ ಬೆಳಿಗ್ಗೆ ಹೇಳಿ ಕಳಿಸ್ತೀನಿ."

ಆಕೆ ಒಳಗೆ ಹೋದ ಮೇಲೆ ದೇವೀರಪ್ಪ ಕೂತಲ್ಲಿಂದಲೇ ಕೈ ಚಾಚಿ ಮೆಲ್ಲಗೆ ಬಾಗಿಲು ಮುಚ್ಚಿದ. ಅದು ಮತ್ತೆ ತೆರೆದುಕೊಂಡಿತು.