ಒಡೆದ ಪೈಪು ನಮ್ಮದಲ್ಲ

ನೆಲಮಹಡಿಯಲ್ಲಿ ಮನೆ ಮಾಡಿದವರಿಗೆ ಇಂಥ ಪ್ರಸಂಗಗಳಿಗೆ ಕೊರತೆಯೇ ಇಲ್ಲ; ಮೇಲಿನವರು ಬೇಡವೆಂದು ಬಿಟ್ಟದ್ದೆಲ್ಲ ಕೊನೆಗೆ ನಮ್ಮ ಬಾಗಿಲಿಗೇ ಬರುತ್ತದೆ. ನೆರೂಳಿನ ನಮ್ಮ ಕಟ್ಟಡದಲ್ಲಿ ನಮ್ಮ ತಲೆಯ ಮೇಲೆ ಮೂರು ಮನೆಗಳು. ಮೊದಲ ಮಹಡಿಯಲ್ಲಿ ಉಡುಪಿ ಕಡೆಯ ಹೋಟೆಲಿನವರು, ಎರಡನೆಯದರಲ್ಲಿ ಧಾರವಾಡ ಕಡೆಯ ಬ್ಯಾಂಕ್ ಅಧಿಕಾರಿ, ಮೂರನೆಯದರಲ್ಲಿ ಒಬ್ಬರು ಮರಾಠಿ ಟೀಚರ್. ಕೆಳಗೆ ನಾನು, ಮಹಾಪೆಯ ಕಂಪನಿಗೆ ಹೋಗಿ ಬರುವ ನನ್ನ ಯಜಮಾನರು, ಮತ್ತು ಮಡಿಯ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡದ ನನ್ನ ಅತ್ತೆ.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಉಗುರು, ಕರವಸ್ತ್ರ, ಸತ್ಯ ಈ ಮೂರೂ ಯಾವಾಗಲೂ ಸ್ವಚ್ಛವಾಗಿರಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ಮೋರಿಯ ಬಗ್ಗೆ ಅವರು ಏನೂ ಕಲಿಸಲಿಲ್ಲ.

೧. ಖಾಡಿಯ ಗಾಳಿ

ಮೊದಲು ಬಂದದ್ದು ವಾಸನೆ. ಸಂಜೆಯಾದರೆ ಮನೆ ತುಂಬ. ನಾನು ಫಿನಾಯಿಲ್ ಸುರಿದು ಉಜ್ಜಿದೆ, ಕರ್ಪೂರ ಹಚ್ಚಿದೆ, ಫ್ರಿಜ್ಜಿನ ಒಳಗಿದ್ದುದನ್ನೆಲ್ಲ ಹೊರಗಿಟ್ಟು ಮೂಸಿ ನೋಡಿದೆ. ಯಜಮಾನರು ಮುಖದೆದುರಿನ ಪೇಪರನ್ನು ಇಳಿಸದೆಯೇ ತೀರ್ಪು ಕೊಟ್ಟರು.

"ಖಾಡಿಯದ್ದು. ಸಮುದ್ರದ ಭರತ ಇಳಿದಾಗ ಹೀಗೆಯೇ."

ಖಾಡಿ ಎಂದರೆ ನಮ್ಮ ಊರಿನ ಅಂಚಿನಲ್ಲಿರುವ ಸಮುದ್ರದ ಹಿನ್ನೀರು. ಇಲ್ಲಿ ಯಾವ ದುರ್ವಾಸನೆ ಬಂದರೂ ಅದರ ತಲೆಗೇ ಕಟ್ಟುತ್ತಾರೆ. ಸೊಸೈಟಿಯ ಸೆಕ್ರೆಟರಿಗೆ ದೂರು ಕೊಟ್ಟೆ. ಅವರು ಕೈಮುಗಿದು, "ಮ್ಯಾಡಮ್, ಖಾಡಿ ಹೈ. ನೇಚರ್ ಹೈ" ಎಂದರು.

ನಾಲ್ಕು ದಿನ ನೇಚರನ್ನು ಸಹಿಸಿಕೊಂಡೆ. ಐದನೆಯ ದಿನ ಅತ್ತೆ ತಮ್ಮ ಬಚ್ಚಲಿನಿಂದ ಕೂಗಿದರು. "ಇಲ್ಲಿ ಬಾ ಮಾರಾಯ್ತಿ." ಹೋಗಿ ನೋಡಿದರೆ ನೆಲದ ಜಾಲಿಯಿಂದ ಗುಳುಗುಳು ಸದ್ದು. ಕಪ್ಪು ನೀರು ಒಂದಿಷ್ಟು ಮೇಲೆ ಬಂದು, ನಮ್ಮನ್ನು ನೋಡಿ, ಹಿಂದೆ ಹೋಯಿತು.

"ನಿನ್ನ ಗಂಡನ ಹತ್ತಿರ ಕೇಳು," ಅತ್ತೆ ಹೇಳಿದರು. "ಖಾಡಿಯನ್ನು ಬಚ್ಚಲಿನ ತನಕ ಕರಕೊಂಡು ಬಂದವರು ಯಾರು ಅಂತ."

೨. ಅತ್ತೆಯ ಕಿವಿ

ಮೇಲೆ ಯಾರಾದರೂ ಫ್ಲಶ್ ಎಳೆದರೆ ನಮ್ಮ ಬಚ್ಚಲು ಮಾತಾಡುತ್ತದೆ ಎಂಬುದನ್ನು ಕಂಡುಹಿಡಿದವರು ಅತ್ತೆಯೇ. ಜಾಲಿ ಎತ್ತಿ, ಮಣೆ ಹಾಕಿ, ಅದರ ಪಕ್ಕ ಕುಳಿತು ಕೇಳುತ್ತಿದ್ದರು. ಒಂದು ವಾರದಲ್ಲಿ ಸ್ವರವೂ ಗುರುತಾಯಿತು. ಬೆಳಿಗ್ಗೆ ಅವಸರದ ಒಂದೇ ಗುಳುಕು ಟೀಚರದ್ದು. ಸಾಲಾಗಿ ಬರುವುದು ಹೋಟೆಲಿನವರದ್ದು, ಅವರದು ದೊಡ್ಡ ಸಂಸಾರ. ದೀರ್ಘವಾಗಿ, ನಿಧಾನವಾಗಿ ಎಳೆಯುವುದು ಬ್ಯಾಂಕಿನವರದ್ದು.

"ಅತ್ತೆ, ಇದು ಸಭ್ಯತೆ ಅಲ್ಲ," ಎಂದೆ.

"ಅವರು ನಮ್ಮ ಬಚ್ಚಲಿಗೆ ಕಳಿಸುವುದು ಸಭ್ಯತೆಯಾ?"

ಮರುದಿನ ಮೆಟ್ಟಿಲ ಬಳಿ ಬ್ಯಾಂಕಿನವರು ಎದುರಾದರು. ನಾನು ನಮಸ್ಕಾರ ಹೇಳುವುದರೊಳಗೆ ಅತ್ತೆ ಬಾಯಿ ಹಾಕಿದರು.

"ನಿನ್ನೆಯಿಂದ ಹೊಟ್ಟೆ ಸರಿ ಇಲ್ಲವಾ ನಿಮಗೆ? ಮಜ್ಜಿಗೆಗೆ ಇಂಗು ಹಾಕಿ ಕುಡಿಯಿರಿ."

ಅವರು ಗಾಬರಿಯಾಗಿ ಸುತ್ತಲೂ ನೋಡಿದರು. "ಹೌದ್ರೀ ಅಜ್ಜಿ. ಯಾರು ಹೇಳಿದ್ರು ನಿಮಗ?"

"ನಮ್ಮ ಬಚ್ಚಲು."

೩. ಕೈಗುಣ

ನಮ್ಮ ಅಡುಗೆಮನೆಯ ಹಿಂದೆ ಒಂದು ಮಾರು ಅಗಲದ ಜಾಗವಿದೆ. ನಾನು ನೆಟ್ಟ ಗುಲಾಬಿ ಅಲ್ಲಿ ಸತ್ತಿತು, ಮಲ್ಲಿಗೆ ಸತ್ತಿತು, ತುಳಸಿಯೂ ಬದುಕಲಿಲ್ಲ. ಆ ವರ್ಷ ಮಾತ್ರ, ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ, ಗೋಡೆಯ ಬುಡದಲ್ಲಿ ಕೆಸು ಎದ್ದಿತು. ಒಂದೊಂದು ಎಲೆ ಮೊರದಷ್ಟು.

ಹೋಟೆಲಿನಾಕೆ ಬಾಲ್ಕನಿಯಿಂದ ಬಗ್ಗಿ ನೋಡಿದರು. "ಅಕ್ಕ, ಮಳೆ ಇಲ್ಲದೆ ಇಂಥ ಕೆಸುವಾ! ನಿಮ್ಮ ಕೈಗುಣ."

ಹೊಗಳಿಕೆಯನ್ನು ತಳ್ಳಿಹಾಕುವುದು ಅಸಭ್ಯತೆ ಎಂದು ನಾನು ಸುಮ್ಮನಿದ್ದೆ. ಆಕೆ ಎಲೆ ಕೊಯ್ದುಕೊಂಡು ಹೋಗಿ ಪತ್ರೊಡೆ ಮಾಡಿ ಎಲ್ಲ ಮಹಡಿಗೂ ಹಂಚಿದರು. ಹೊರಗಿನವರ ಅಡುಗೆ ಮುಟ್ಟದ ಅತ್ತೆ, "ಅವರು ನಮ್ಮ ಕಡೆಯವರೇ ಅಲ್ಲವಾ" ಎಂದು ತಾವೇ ತೀರ್ಮಾನಿಸಿ ನಾಲ್ಕು ತುಂಡು ತಿಂದರು. ತಿಂದು ಕೈ ತೊಳೆಯುತ್ತ, "ಇಷ್ಟು ವರ್ಷ ನೀನು ಮಾಡಿದ್ದು ಪತ್ರೊಡೆ ಅಲ್ಲ ಅಂತ ಈಗ ಗೊತ್ತಾಯಿತು" ಎಂದರು. ಕಳೆದುಹೋದ ಉದ್ಧರಣೆಯ ಅಪವಾದ ಹೊತ್ತವಳಿಗೆ ಪತ್ರೊಡೆಯ ಭಾರ ಎಷ್ಟರದು? ಉದ್ಧರಣೆ ಎಂದರೆ ಅತ್ತೆಯ ತಂದೆ ಮದುವೆಯಲ್ಲಿ ಕೊಟ್ಟ, ತೀರ್ಥ ಹಾಕುವ ಬೆಳ್ಳಿಯ ಪುಟ್ಟ ಸೌಟು. ದೇವರ ಪಾತ್ರೆಗಳನ್ನು ಅವರು ತಮ್ಮ ಬಚ್ಚಲಿನಲ್ಲಿ ತಾವೇ ತೊಳೆಯುವುದು, ನನಗೆ ಮುಟ್ಟಲು ಅಪ್ಪಣೆಯಿಲ್ಲ. ಆದರೂ ಅದು ಕಾಣೆಯಾದ ದಿನದಿಂದ ಬಂದ ನೆಂಟರಿಗೆಲ್ಲ ಒಂದೇ ಮಾತು: "ಕಾನ್ವೆಂಟಿನವಳು. ಚಮಚ ಅಂತ ಎಲ್ಲಿ ಹಾಕಿದಳೋ."

ಮರುದಿನ ಘಣಸೋಲಿಯಿಂದ ಪ್ಲಂಬರ್ ಬಂದ. ಬಚ್ಚಲನ್ನು ಒಮ್ಮೆ ನೋಡಿ ನೇರ ಹಿಂದಕ್ಕೆ ಹೋದ. ಕೆಸುವಿನ ಮುಂದೆ ನಿಂತು ಹೇಳಿದ, "ಮ್ಯಾಡಮ್, ಪೈಪ್ ಯಹೀ ಫೂಟಾ ಹೈ. ಬಿನಾ ಬಾರಿಶ್ ಇತನಾ ಹರಾ ಔರ್ ಕೈಸೇ ಹೋಗಾ?"

"ಎಂತ ಹೇಳಿದ್ದು ಅವನು?" ಕಿಟಕಿಯಿಂದ ಅತ್ತೆ ಕೇಳಿದರು.

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಕಕ್ಕಸಿನ ಪೈಪು ಒಡೆದಿದೆಯಂತೆ. ಆ ನೀರು ಕುಡಿದು ಕೆಸು ಬೆಳೆದಿದೆಯಂತೆ."

ಅತ್ತೆ ಕಿಟಕಿಯಿಂದ ಮಾಯವಾದರು. ಎರಡು ಸಲ ಸ್ನಾನ ಮಾಡಿದ ಸದ್ದು ಕೇಳಿಸಿತು. ಆಮೇಲೆ ಹೊರಗೆ ಬಂದು ಅಪ್ಪಣೆ ಕೊಟ್ಟರು. ಪೈಪು ಸರಿಯಾಗುವ ತನಕ ಈ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ. ಹಾಲು, ಬಾಳೆಹಣ್ಣು, ಎಳನೀರು ಸಾಕು. ಭಾನುವಾರದೊಳಗೆ ಆಗದಿದ್ದರೆ ಡೊಂಬಿವಿಲಿಗೆ, ಕಿರಿಯ ಮಗನ ಮನೆಗೆ, ಖಾಯಂ ಆಗಿ. ಎಂಬತ್ತರ ಹತ್ತಿರದ ಜೀವ, ಬಿ.ಪಿ. ಮಾತ್ರೆ ಬೇರೆ. ಹಾಲು ಹಣ್ಣಿನಲ್ಲಿ ಎಷ್ಟು ದಿನ? ನನ್ನ ಮೇಲೆ ಎಷ್ಟೇ ದೂರಿದ್ದರೂ ಅವರಿಲ್ಲದ ಮನೆಯನ್ನು ನಾನು ಊಹಿಸಿಕೊಳ್ಳಲಾರೆ.

ವಿಷಯವನ್ನು ಹೋಟೆಲಿನಾಕೆಗೆ ತಿಳಿಸಲು ಮೇಲೆ ಹೋದೆ. ಆಕೆ ತಲೆಯ ಮೇಲೆ ಕೈಹೊತ್ತು ಕುಳಿತರು.

"ಅಯ್ಯೋ ಅಕ್ಕ, ಉಳಿದ ಪತ್ರೊಡೆಯನ್ನು ಹೋಟೆಲಿನಲ್ಲಿ ಇಟ್ಟಿದ್ದೆವಲ್ಲ! ಗಿರಾಕಿಗಳು ಇವತ್ತೂ ಬೇಕು ಅಂತ ಫೋನ್ ಮಾಡ್ತಿದ್ದಾರೆ."

೪. ಅರಿಶಿನ ಬೇಡ, ಕುಂಕುಮ ಬೇಡ

ಸೊಸೈಟಿಯ ಮೀಟಿಂಗ್ ಕರೆಸಿದೆ. ಸೆಕ್ರೆಟರಿ ನಿಯಮ ಹೇಳಿದರು: ಒಂದು ಮನೆಯ ಪೈಪಾದರೆ ಆ ಮನೆಯವರೇ ಸರಿಮಾಡಿಸಬೇಕು, ಎಲ್ಲರದ್ದಾದರೆ ಸೊಸೈಟಿ.

"ನಮ್ಮದಲ್ಲ," ಹೋಟೆಲಿನವರು.

"ನಮ್ದಂತೂ ಅಲ್ರೀ. ನಮ್ಮ ಮನ್ಯಾಗ ಎಲ್ಲಾ ಹೊಸಾ ಫಿಟಿಂಗ್," ಬ್ಯಾಂಕಿನವರು.

"ಆಮ್ಚಾ ನಾಹೀ," ಟೀಚರ್.

ನಾನು ಎದ್ದು ನಿಂತು ಸತ್ಯ ಹೇಳುವುದರ ಮಹತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಎಲ್ಲರೂ ಗೌರವದಿಂದ ಕೇಳಿ, ಮತ್ತೆ ಅದನ್ನೇ ಹೇಳಿದರು.

ಕೊನೆಗೆ ಪ್ಲಂಬರ್ ಉಪಾಯ ಹೇಳಿದ. ಒಂದೊಂದು ಮನೆಯ ಕಕ್ಕಸಿಗೆ ಒಂದೊಂದು ಬಣ್ಣ ಸುರಿಯಬೇಕು. ಕೆಸುವಿನ ಬುಡದಲ್ಲಿ ಯಾವ ಬಣ್ಣ ಬರುತ್ತದೋ ಅವರದ್ದು ಪೈಪು. ಮೊದಲ ಮಹಡಿಗೆ ಅರಿಶಿನ, ಎರಡನೆಯದಕ್ಕೆ ಕುಂಕುಮ ಎಂದ. ಮೂರನೆಯದನ್ನು ಹೇಳಲು ಬಿಡಲಿಲ್ಲ.

"ಅರಿಶಿನ ಕಕ್ಕಸಿಗಾ? ಎಂತ ಮಾತು ಅದು!"

"ಕುಂಕುಮ ಅಂದ್ರ ಏನ್ ತಿಳ್ಕೊಂಡೀಯೋ?"

ಟೀಚರ್ ಎರಡೂ ಕಿವಿ ಮುಚ್ಚಿಕೊಂಡರು. ಆ ಕಟ್ಟಡದವರು ಒಂದೇ ಮಾತಿಗೆ ಬಂದದ್ದನ್ನು ನಾನು ಮೊದಲ ಬಾರಿ ಕಂಡೆ. "ಸರಿ, ಮಂಗಳದ್ರವ್ಯ ಬೇಡ. ನಿಮ್ಮ ನಿಮ್ಮ ಮನೆಯಲ್ಲಿ ಇರುವ ಯಾವುದಾದರೂ ಬಣ್ಣ ಹಾಕಿ," ಎಂದು ನಾನೇ ರಾಜಿ ಮಾಡಿಸಿದೆ.

ಶನಿವಾರ ಬೆಳಿಗ್ಗೆ ಮೇಲೆ ಮೂವರೂ ಸುರಿದು, ನೀರು ಬಿಟ್ಟು, ಕೆಳಗಿಳಿದು ಬಂದರು. ಕೆಸುವಿನ ಸುತ್ತ ನಿಂತು ಕಾದೆವು. ಮಣ್ಣು ಒದ್ದೆಯಾಯಿತು. ನಿಧಾನವಾಗಿ ಬಣ್ಣ ಜಿನುಗಿತು. ಅಚ್ಚ ನೀಲಿ.

"ನೀಲಿ ಯಾರದ್ದು?" ಎಂದು ನಾನು ಗಟ್ಟಿಯಾಗಿ ಕೇಳಿದೆ.

ಯಾರೂ ತಲೆ ಎತ್ತಲಿಲ್ಲ. ಹೋಟೆಲಿನಾಕೆ ಸೆರಗಿನ ತುದಿ ತಿರುಚುತ್ತ, "ಬಿಳಿ ಬಟ್ಟೆಗೆ ಹಾಕುವ ನೀಲಿ ಇತ್ತಲ್ಲ ಅಕ್ಕ, ಅದನ್ನೇ..." ಎಂದರು.

"ನಾವೂ ನೀಲೀನೇ ಹಾಕೇವ್ರಿ," ಬ್ಯಾಂಕಿನವರು.

"ಆಮ್ಹೀ ಪಣ ನೀಳಚ್," ಟೀಚರ್.

ಪ್ಲಂಬರ್ ಮಣ್ಣಿನ ಮೇಲೆ ಕುಳಿತುಬಿಟ್ಟ. ನಾನು ಸೆಕ್ರೆಟರಿಯ ಕಡೆ ತಿರುಗಿ, "ಬರೆದುಕೊಳ್ಳಿ, ಎಲ್ಲರದ್ದೂ," ಎಂದೆ.

೫. ಬೆಳ್ಳಿ

ಭಾನುವಾರ ಅಗೆತ ಶುರುವಾಯಿತು. ಅತ್ತೆಯ ಚೀಲ ಕಟ್ಟಿ ಹಜಾರದಲ್ಲಿ ಇಟ್ಟಾಗಿತ್ತು. ಮಧ್ಯಾಹ್ನ ಕರೆದೊಯ್ಯಲು ಬರುತ್ತೇನೆಂದು ಡೊಂಬಿವಿಲಿಯ ಮೈದುನ ಫೋನ್ ಮಾಡಿದ್ದ. ನಾನು ಅನ್ನಕ್ಕೆ ಇಟ್ಟಿದ್ದೆ, ಸಾರು ಕುದಿಸಿದ್ದೆ, ಯಾರು ಉಣ್ಣುತ್ತಾರೋ ಗೊತ್ತಿರಲಿಲ್ಲ.

ಕೆಸು ಕಿತ್ತು ಅಗೆದರೆ ಕೆಳಗೆ ಹಳೆಯ ಮಣ್ಣಿನ ಪೈಪು. ನಮ್ಮ ಬಚ್ಚಲಿನ ಪೈಪು ದೊಡ್ಡ ಪೈಪನ್ನು ಕೂಡುವಲ್ಲಿ ಜೋಡಣೆ ಬಿರುಕು ಬಿಟ್ಟು, ಗೋಡೆಯ ಸಂದಿನ ಅರಳಿ ಗಿಡದ ಬೇರು ಒಳಗೆ ನುಗ್ಗಿತ್ತು. ಬೇರಿನ ಆ ಗಂಟಿಗೆ ಅಡ್ಡಲಾಗಿ ಏನೋ ಒಂದು ಸಿಕ್ಕಿಕೊಂಡಿತ್ತು. ಕರಿ ಬಳಿದ ಕಡ್ಡಿಯಂಥದ್ದು. "ಯೇ ಅಟಕಾ ಥಾ," ಎಂದು ಪ್ಲಂಬರ್ ಎತ್ತಿ ಹಿಡಿದ.

"ನಮ್ಮದಲ್ಲ."

"ನಮ್ದಲ್ರೀ."

"ಆಮ್ಚಾ ನಾಹೀ."

ಪ್ಲಂಬರ್ ಅದನ್ನು ಬಕೆಟ್ಟಿಗೆ ಅದ್ದಿ ಮಣ್ಣಿನಿಂದ ತಿಕ್ಕಿದ. ಬಿಸಿಲಿಗೆ ಪಳಕ್ಕೆಂದಿತು. ಬೆಳ್ಳಿ.

"ಅಕ್ಕ," ಹೋಟೆಲಿನಾಕೆ ಒಂದು ಹೆಜ್ಜೆ ಮುಂದೆ ಬಂದರು, "ನಮ್ಮ ಮಗುವಿನ ನಾಮಕರಣಕ್ಕೆ ಬಂದ ಚಮಚ ಹೀಗೆಯೇ ಇತ್ತು."

"ತಡೀರಿ, ಇದು ನಮ್ಮ ಅವ್ವಂದ್ರೀ. ನೋಡಿದ ಕೂಡ್ಲೇ ಗುರ್ತ ಸಿಕ್ತು."

ಟೀಚರ್ ಮರಾಠಿಯಲ್ಲಿ ತಮ್ಮ ಅಜ್ಜಿಯನ್ನು ನೆನೆಯತೊಡಗಿದರು.

ನಾನು ಹತ್ತಿರ ಹೋಗಿ ನೋಡಿದೆ. ಹಿಡಿಯ ತುದಿಯಲ್ಲಿ ಹಾವಿನ ಹೆಡೆ. ಅದರ ಹಿಂದೆ, ಅತ್ತೆಯ ತಂದೆ ಕೆತ್ತಿಸಿದ್ದ ಅಕ್ಷರ. ಆ ಅಕ್ಷರದ ವರ್ಣನೆಯನ್ನು ನೆಂಟರ ಜೊತೆ ಕುಳಿತು ಎಷ್ಟು ಸಲ ಕೇಳಿಲ್ಲ! ತಲೆ ಎತ್ತಿದೆ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ. ನಾನು ನೋಡಿದ್ದನ್ನು ಅವರೂ ನೋಡಿದ್ದರು. ಜಾಲಿ ಎತ್ತಿ ದೇವರ ಪಾತ್ರೆ ತೊಳೆಯುವವರು ನಮ್ಮ ಮನೆಯಲ್ಲಿ ಒಬ್ಬರೇ.

"ಮ್ಯಾಡಮ್, ಆಪಕಾ ಹೈ ಕ್ಯಾ?" ಸೆಕ್ರೆಟರಿ ಕೇಳಿದರು.

ಇಷ್ಟು ವರ್ಷದ ಅಪವಾದಕ್ಕೆ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿತು.

"ನಮ್ಮದಲ್ಲ." ಆಮೇಲೆ, ಸ್ವಲ್ಪ ಸಣ್ಣ ದನಿಯಲ್ಲಿ, "ಅಲ್ಲವಾ?"

ಹಜಾರದಲ್ಲಿದ್ದ ಚೀಲ ನೆನಪಾಯಿತು. "ಅಲ್ಲ," ಎಂದೆ. ಸಿಸ್ಟರ್‌ಗಳು ಕ್ಷಮಿಸಲಿ.

ಹಕ್ಕುದಾರರು ಮೂವರಾದದ್ದರಿಂದ ಸೆಕ್ರೆಟರಿ ಅದನ್ನು ಸೊಸೈಟಿ ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಈಗಲೂ ಅಲ್ಲೇ ಇದೆ. ಹೊಸ ಪೈಪು ಕೂಡಿಸಿ, ಮೂರು ಮಹಡಿಯಿಂದಲೂ ಒಟ್ಟಿಗೆ ಫ್ಲಶ್ ಎಳೆಸಿದೆವು. ಅತ್ತೆ ಜಾಲಿಗೆ ಕಿವಿಯಿಟ್ಟು ಕೇಳಿದರು. ಸದ್ದೇ ಇಲ್ಲ. ಮೈದುನ ಬಂದಾಗ, "ಉಂಡು ಹೋಗು. ಚೀಲ ಒಳಗಿಡು," ಎಂದರು.

ಎಲೆಯ ಮುಂದೆ ಕುಳಿತ ಅತ್ತೆ ನಾನು ಬಡಿಸಿದ ಅನ್ನವನ್ನು ಉಂಡರು. ಎರಡನೆಯ ಸಲ ಹಾಕಿಸಿಕೊಂಡಾಗ ತಲೆ ಎತ್ತಿದರು.

"ಹೌದು ಮಾರಾಯ್ತಿ, ನನ್ನ ಉದ್ಧರಣೆ ಹೋದದ್ದು ಎಲ್ಲಿ ಅಂತ ಈಗ ನೆನಪಾಯಿತು."

ಸಾರಿನ ಸೌಟು ನನ್ನ ಕೈಯಲ್ಲೇ ನಿಂತಿತು. "ಎಲ್ಲಿ, ಅತ್ತೆ?"

"ಪನ್ವೇಲ್ ಲೋಕಲಿನಲ್ಲಿ. ಅವತ್ತು ವಿಪರೀತ ರಶ್ಶು. ನೀನು ಪಾಪ, ಜೊತೆಯಲ್ಲಿ ಇರಲೇ ಇಲ್ಲ." ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. "ಸಾರು ಹಾಕು."